ಒಂದು ಕವಳದ ಹೊತ್ತು

ಜಗತ್ತಿನ ಸಕಲ ವಸ್ತುಗಳೂ ತಮ್ಮ ತಮ್ಮ ಗುಣಕ್ಕೆ ತಕ್ಕಂತೆ ಕಾಯುತ್ತವೆ, ತಮ್ಮ ತಮ್ಮ ಗುಣಕ್ಕೆ ತಕ್ಕಂತೆ ತಣಿಯುತ್ತವೆ. ಅವುಗಳನ್ನು ಅವಸರಪಡಿಸುವ ಅಧಿಕಾರ ಮನುಷ್ಯನಿಗಿಲ್ಲ. ಈ ಗಂಭೀರ ಸತ್ಯವನ್ನು ನಾನು ಮೂವತ್ತೆರಡು ವರ್ಷ ಪಾಲಿಟೆಕ್ನಿಕ್ಕಿನ ಮೆಕ್ಯಾನಿಕಲ್ ವಿಭಾಗದಲ್ಲಿ ಬೋಧಿಸಿದೆ. ಪಾಠ ಮಧ್ಯಾಹ್ನ ಎರಡಕ್ಕೆ ಇರುತ್ತಿದ್ದುದರಿಂದ ಬಹುಪಾಲು ವಿದ್ಯಾರ್ಥಿಗಳು ಅದನ್ನು ನಿದ್ದೆಯಲ್ಲಿ ಸ್ವೀಕರಿಸಿದರು. ಪೂರ್ತಿ ಎಚ್ಚರವಾಗಿದ್ದು ಕೇಳಿಸಿಕೊಂಡವನು ನಾನೊಬ್ಬನೇ. ಬೇಕಾದಾಗ ಮರೆತವನೂ ನಾನೇ.

ಕಳೆದ ತಿಂಗಳು ಸಾಗರದ ಪೇಟೆಯಲ್ಲಿ ಹಪ್ಪಳ ಕೊಳ್ಳಲು ನಿಂತಿದ್ದೆ. ಅಂಗಡಿಯಾಕೆ ಪ್ಲಾಸ್ಟಿಕ್ ಕೊಟ್ಟೆಯ ಬಾಯಿ ಮಡಿಸಿ ಮೇಣದಬತ್ತಿಯ ಉರಿಗೆ ಸವರಿ ಅಂಟಿಸುತ್ತಿದ್ದರು. ಕರಗಿದ ಪ್ಲಾಸ್ಟಿಕ್ಕಿನಿಂದ, ಆಗ ತಾನೇ ಆರಿಸಿದ ಬತ್ತಿಯದೇ ಅನ್ನಿಸುವ ಒಂದು ಮಂದ ವಾಸನೆ ಬಂತು. ಅಂಟಿಸಿದ್ದನ್ನು ಆಕೆ ಅವಸರಕ್ಕೆ ಎಳೆದು ನೋಡಿದರು. ಬಾಯಿ ಬಿಟ್ಟುಕೊಂಡು ಹಪ್ಪಳ ನೆಲಕ್ಕೆ ಬಿತ್ತು.

"ಸ್ವಲ್ಪ ತಣೀಲಿ ಬಿಡಿ. ಆಮೇಲೆ ಎಳೀರಿ" ಅಂದೆ.

"ಎಂತ ಮೇಷ್ಟ್ರೆ, ಈ ಕಸುಬೂ ಗೊತ್ತಾ ನಿಮಗೆ?"

ನಾನು ಹಪ್ಪಳವನ್ನೂ ಕೊಳ್ಳದೆ ಬಸ್ ನಿಲ್ದಾಣದ ಕಡೆ ನಡೆದೆ. ಆ ವಾಸನೆ ನನ್ನ ಜೊತೆಗೇ ಬಂತು.

ನಾನು ನಿವೃತ್ತನಾದದ್ದು ಆರು ವರ್ಷದ ಹಿಂದೆ. ನಿವೃತ್ತ ಮೇಷ್ಟರಷ್ಟು ಅಪಾಯಕಾರಿಯಾದ ಪ್ರಾಣಿ ಈ ಸೀಮೆಯ ಕಾಡಿನಲ್ಲಿಲ್ಲ. ಕಾಡುಕೋಣವಾದರೂ ಕರೆಯದೆ ಸಲಹೆ ಕೊಡಲು ಬರುವುದಿಲ್ಲ. ಆ ವರ್ಷ ಯುಗಾದಿ ಕಳೆದ ವಾರವೇ ತಂಗಿ ಸಾವಿತ್ರಿ ಫೋನ್ ಮಾಡಿದಳು. ಅವಳನ್ನು ಕೊಟ್ಟದ್ದು ಹೊಸನಗರದಿಂದ ತೀರ್ಥಹಳ್ಳಿಯ ಕಡೆ ಹೋಗುವಾಗ ಒಳಗೆ ಸಿಗುವ ಹಲಸಿನಮಕ್ಕಿಗೆ. ಹತ್ತೊಂಬತ್ತು ಮನೆ. ಬಾವಿಗಳು ಒಂದೊಂದಾಗಿ ಕೈಕೊಟ್ಟು, ಊರಿನವರೆಲ್ಲ ಸೇರಿ ಗುಡ್ಡದ ಮೇಲಿನ ಒರತೆಯಿಂದ ಕಪ್ಪು ಪೈಪಿನಲ್ಲಿ ನೀರು ಇಳಿಸಿಕೊಳ್ಳುವುದೆಂದು ತೀರ್ಮಾನ ಮಾಡಿದ್ದರು. ಮೋಟಾರು ಬೇಡ, ಕರೆಂಟು ಬೇಡ. ನೀರು ತಾನೇ ಇಳಿದು ಬರುತ್ತದೆ. ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ, ಸುರುಳಿ ಸುರುಳಿಯಾಗಿ ಬಂದ ಪೈಪು, ನಡುವೆ ಇಪ್ಪತ್ತೊಂದು ಕಡೆ ಬೆಸುಗೆ.

"ಅಣ್ಣ, ನೀ ಬಂದು ನಿತ್ಕಂಡ್ರೆ ಧೈರ್ಯ" ಅಂದಳು ಸಾವಿತ್ರಿ. ಅದು ಉಪಚಾರದ ಮಾತೆಂದು ಈಗ ತಿಳಿಯುತ್ತದೆ. ಆಗ ನೇಮಕಾತಿ ಆದೇಶದಂತೆ ಕೇಳಿಸಿತು. ಒಂದು ಸ್ಟಾಪ್‌ವಾಚು, ದೂರದಿಂದಲೇ ಬಿಸಿ ಅಳೆಯುವ ಪಿಸ್ತೂಲಿನಾಕಾರದ ಒಂದು ಯಂತ್ರ, ಪೈಪಿನ ಕಂಪನಿಯ ಕೈಪಿಡಿ, ಎರಡು ಜೊತೆ ಪಂಚೆ ಇಷ್ಟನ್ನು ಚೀಲಕ್ಕೆ ತುಂಬಿಕೊಂಡು ಹೊರಟೆ.

ಬೆಸುಗೆಯ ಕೆಲಸಕ್ಕೆ ಅದೇ ಊರಿನ ಹೂವಪ್ಪನವರಿದ್ದರು. ಅರವತ್ತರ ಹತ್ತಿರದ ವಯಸ್ಸು. ಅಪ್ಪನ ಕಾಲಕ್ಕೆ ಗೇಣಿಯಾಗಿದ್ದ ಗದ್ದೆ ಇವರ ಕಾಲಕ್ಕೆ ಸ್ವಂತದ್ದಾಗಿತ್ತು. ಗದ್ದೆ ಕೆಲಸ ಇಲ್ಲದ ತಿಂಗಳುಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕು ಸುತ್ತಿ ಪೈಪು ಕೂಡಿಸುತ್ತಿದ್ದರು. 'ಪೈಪಿನ ಹೂವಪ್ಪ' ಅಂದರೆ ಸಾಕು, ಸಿಗಂದೂರಿನ ಹಿನ್ನೀರಿನ ದಂಡೆಯಲ್ಲೂ ಮನೆ ತೋರಿಸುತ್ತಿದ್ದರು. ಅವರ ಉಪಕರಣ ಒಂದು ದೋಸೆ ಕಾವಲಿ. ಮದುವೆಯಲ್ಲಿ ಹೆಂಡತಿ ಗೌರಮ್ಮನಿಗೆ ತವರಿಂದ ಬಂದ, ಬೆರಳು ದಪ್ಪದ ಕಬ್ಬಿಣದ ಕಾವಲಿ. ಅದರ ಎರಡೂ ಮುಖವನ್ನು ಕುಲುಮೆಯಲ್ಲಿ ಉಜ್ಜಿಸಿ ಕನ್ನಡಿಯಷ್ಟು ಸಮ ಮಾಡಿಸಿದ್ದರು.

ಕೆಲಸ ಹೀಗೆ: ಬ್ಲೋ ಲ್ಯಾಂಪಿನ ಉರಿಯಲ್ಲಿ ಕಾವಲಿ ಕಾಯಿಸುವುದು. ಅದನ್ನು ಇಕ್ಕುಳದಲ್ಲಿ ನೆಟ್ಟಗೆ ಹಿಡಿದು, ಎರಡು ಪೈಪಿನ ತುದಿಗಳನ್ನು ಎರಡು ಕಡೆಯಿಂದ ಅದಕ್ಕೆ ಒತ್ತುವುದು. ತುದಿ ಕರಗಿ ಸುತ್ತಲೂ ತುಟಿಯಂತೆ ಉಬ್ಬಿ ಬಂದಾಗ ಕಾವಲಿಯನ್ನು ತಟಕ್ಕನೆ ತೆಗೆದು ತುದಿಗೆ ತುದಿ ಕೂಡಿಸುವುದು. ಕೂಡಿದಲ್ಲಿ ಕಪ್ಪು ಬಳೆಯಂಥ ಏರು ಏಳುತ್ತದೆ. ಆಮೇಲೆ ಎರಡು ಕಡೆಯೂ ಗೂಟ ಹೊಡೆದು ಪೈಪು ಹಿಂದೆ ಜಾರದಂತೆ ಬಿಗಿ ಮಾಡಿ, ಹೂವಪ್ಪನವರು ಕಲ್ಲಿನ ಮೇಲೆ ಕೂತು ಸಂಚಿ ಬಿಚ್ಚುತ್ತಿದ್ದರು. ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು, ಚೂರು ತಂಬಾಕು ಸೇರಿಸಿ ಬಾಯಿಗಿಟ್ಟರೆ, ಆ ಕವಳ ಪೂರ್ತಿ ಮುಗಿದು ಉಗಿದು ಬಾಯಿ ಮುಕ್ಕಳಿಸುವ ತನಕ ಯಾರೂ ಪೈಪು ಮುಟ್ಟುವಂತಿಲ್ಲ.

ಮೊದಲ ದಿನ ನಾನು ಗಡಿಯಾರ ಒತ್ತಿ ಕಾದೆ. ಮೊದಲನೆಯ ಕವಳ ಒಂಬತ್ತು ನಿಮಿಷ. ಎರಡನೆಯದು ಹತ್ತೂವರೆ. ಮೂರನೆಯದು ನಡೆಯುವಾಗ ಪಂಚಾಯಿತಿ ಚುನಾವಣೆಯ ಮಾತು ಬಂದು ಹದಿನಾರು.

"ಹೂವಪ್ಪನೋರೆ, ಕವಳ ಅನ್ನೋದು ಕಾಲದ ಅಳತೆ ಅಲ್ಲ" ಅಂದೆ.

"ಅಲ್ಲ ಮೇಷ್ಟ್ರೆ, ಬಾಯಿಚಪಲ."

"ಮತ್ತೆ?"

"ಎಂತ ಮಾಡದು, ಸುಮ್ನೆ ಕೂತ್ರೆ ಕೈ ತಡೆಯಲ್ಲ ಮಾರಾಯ್ರೆ, ಮುಟ್ಟಿ ನೋಡನಾ ಅನ್ಸ್ತದೆ. ಕಡುಬು ಬೆಂದಿದ್ಯಾ ಅಂತ ಮಕ್ಕಳು ಮುಚ್ಚಳ ತೆಗೆದು ತೆಗೆದು ನೋಡ್ತಾವಲ್ಲ, ಹಂಗೆ. ಬಾಯಿಗೆ ಕೆಲ್ಸ ಕೊಟ್ರೆ ಕೈ ಸುಮ್ನಿರ್ತದೆ."

ಆ ರಾತ್ರಿ ಕೈಪಿಡಿ ತೆರೆದು ನೋಡಿದೆ. ಅಷ್ಟು ದಪ್ಪದ ಪೈಪಿಗೆ ಒತ್ತಡ ಬಿಡದೆ ತಣಿಸಬೇಕಾದ ನಿಮಿಷಗಳು ಎಂದು ಅಚ್ಚಾಗಿದ್ದದ್ದು ಹೆಚ್ಚುಕಡಿಮೆ ಒಂದು ಕವಳದ ಹೊತ್ತೇ. ಕಾವಲಿಯ ಬಿಸಿಯೂ ಹಾಗೇ. ಹೂವಪ್ಪನವರು ಪತ್ರಿಕೆಯ ಅಂಚು ಹರಿದು ಕಾವಲಿಗೆ ತಾಗಿಸಿ, ಅದು ಕಂದಾದರೆ ಸರಿ, ಕರಿಯಾದರೆ ಹೆಚ್ಚು ಎನ್ನುತ್ತಿದ್ದರು. ಕಂದಾದಾಗ ನನ್ನ ಪಿಸ್ತೂಲು ಹಿಡಿದರೆ ಕೈಪಿಡಿಯಲ್ಲಿದ್ದ ಅಂಕಿಯ ಆಸುಪಾಸಿಗೇ ನಿಲ್ಲುತ್ತಿತ್ತು. ವಿಜ್ಞಾನವೂ ಸಂಚಿಯೂ ಒಂದೇ ಮಾತು ಹೇಳಿದಾಗ ಮೇಷ್ಟರಾದವನಿಗೆ ಸಂತೋಷವಾಗಬೇಕು. ನನಗೆ ಆಗಲಿಲ್ಲ. ಮರುದಿನ ಆ ವಿಷಯ ಯಾರಿಗೂ ಹೇಳಲಿಲ್ಲ. ಪಿಸ್ತೂಲಿನಿಂದ ಊರಿನವರ ಹಣೆ, ಎಮ್ಮೆಯ ಕಿವಿ, ಸಾವಿತ್ರಿಯ ಸಾರಿನ ಪಾತ್ರೆ ಎಲ್ಲವನ್ನೂ ಅಳೆದು ತೋರಿಸಿದೆ. ಹೂವಪ್ಪನವರ ಕಾವಲಿಯ ಲೆಕ್ಕ ಸರಿಯಿದೆ ಎಂಬುದೊಂದನ್ನು ಬಿಟ್ಟು.

ಕೆಲಸ ನಡೆಯುವಾಗ ಮಂಡಗದ್ದೆ ಕಡೆಯ ಒಂದು ಊರಿನಿಂದ ಇಬ್ಬರು ಬಂದು ನೋಡಿಕೊಂಡು ಹೋದರು. ಅವರಲ್ಲೂ ಇಂಥದೇ ಪೈಪು ಎಳೆಯುವುದಿತ್ತು, ನಾಲ್ಕು ಕಿಲೋಮೀಟರು ದೂರ. "ಮಳೆಗಾಲ ಒಂದು ದಾಟ್ಲಿ ಹೂವಪ್ಪನೋರೆ. ನಿಮ್ಮೂರ ಪೈಪು ನಿಂತ್ರೆ ನಮ್ಮೂರಿಂದೂ ನಿಮ್ಗೇ" ಎಂದು ಹೇಳಿದರು.

ಅಷ್ಟು ಉದ್ದದ ಕೆಲಸ ಹೂವಪ್ಪನವರು ಜನ್ಮದಲ್ಲಿ ಮಾಡಿರಲಿಲ್ಲ. ಅವತ್ತು ಗೌರಮ್ಮ ಬುತ್ತಿ ತಂದಾಗ ಅದನ್ನೇ ಹೇಳಿದರು.

"ಅದೊಂದು ಕೈಗೆ ಬರ್ಲಿ ಕಣೆ. ಅದು ಮುಗಿದ ಮಾರನೇ ದಿನ ನಿನ್ನ ಕಾವಲಿ ನಿಂಗೆ."

"ಹೂಂ, ಇಪ್ಪತ್ತು ವರ್ಷಾತು ಕೇಳ್ತಾ ಇದೀನಿ. ಮೇಷ್ಟ್ರೆ, ನೀವೇ ಸಾಕ್ಷಿ. ತವರಿನ ಕಾವ್ಲಿ ಕೊಟ್ಟು, ತಗಡಿನ ಬಾಣ್ಲೆ ಮೇಲೆ ದೋಸೆ ಹೊಯ್ತಾ ಕೂತಿದೀನಿ. ಒಂದಾದ್ರೂ ಸಲೀಸಾಗಿ ಎದ್ದಿದ್ರೆ ಕೇಳಿ!"

"ಸಾಕ್ಷಿ ಇದ್ದೇನೆ" ಎಂದು ನಾನು ಗಂಭೀರವಾಗಿ ಒಪ್ಪಿಕೊಂಡೆ. ನನ್ನ ಸಾಕ್ಷಿಗೆ ಎಷ್ಟು ಬೆಲೆ ಎಂಬುದು ಆಗ ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ ಹದಿಮೂರು ಬೆಸುಗೆ ಮುಗಿದಿತ್ತು. ಹದಿನಾಲ್ಕನೆಯದು ರಸ್ತೆ ದಾಟುವ ಜಾಗಕ್ಕೆ ಬಂತು. ಊರಿನ ರಸ್ತೆಗೆ ಆಗ ತಾನೇ ಹೊಸ ಡಾಂಬರು ಹಾಕುತ್ತಿದ್ದರು. ರಸ್ತೆಯ ಅಡಿಯಲ್ಲಿ ಬೆಸುಗೆ ಬರಬಾರದು, ಇಡೀ ಪೈಪೇ ದಾಟಬೇಕು ಎಂದು ಹೂವಪ್ಪನವರು ಲೆಕ್ಕ ಹಾಕಿ ಸುರುಳಿ ಬಿಚ್ಚಿಸಿದ್ದರು. ಆದರೆ ಗುತ್ತಿಗೆದಾರನ ಜನ ತೋಡನ್ನು ಹತ್ತು ಮಾರು ಆಚೆ ತೋಡಿಬಿಟ್ಟರು. ಬೆಸುಗೆ ರಸ್ತೆಯ ಅಂಚಿನ ಕೆಳಗೇ ಬೀಳುವಂತಾಯಿತು.

ಹೂವಪ್ಪನವರು ಸಾವಿತ್ರಿಯ ಗಂಡ, ನನ್ನ ಭಾವ ಶ್ರೀಧರನ ಮತ್ತು ಉಳಿದ ಗಂಡಸರ ಜೊತೆ ಒರತೆಯ ಹತ್ತಿರದ ತೊಟ್ಟಿ ಕಟ್ಟಲು ಗುಡ್ಡ ಹತ್ತುವ ಮುಂಚೆ ನನಗೆ ಹೇಳಿ ಹೋದರು: "ಮೇಷ್ಟ್ರೆ, ಆ ಜಾಯಿಂಟ್ ಒಂದು ನಾ ಬರ್ದೆ ಮುಟ್ಟಬೇಡಿ. ಬೇರೆದಾದ್ರೆ ತೋಡು ತೆರೆದಿಟ್ಟು, ನೀರು ತುಂಬಿಸಿ ಒಂದಿನ ನೋಡ್ಬಹುದು. ಇದನ್ನ ಮುಚ್ಚಿದ್ರೆ ಮುಚ್ಚಿದ್ದೇ. ಊಟ ಮಾಡ್ಕಂಡು ಇಳೀತೀನಿ."

ಕಾವಲಿ, ಲ್ಯಾಂಪು ಎಲ್ಲ ನನ್ನ ವಶದಲ್ಲಿ ಬಿಟ್ಟು ಹೋದರು.

ಹನ್ನೆರಡೂವರೆಗೆ ಮೂಡಣದಲ್ಲಿ ಮೋಡ ಕಟ್ಟಿತು. ರೋಲರ್ ಓಡಿಸುವವನು ವಿಜಯಪುರದ ಕಡೆಯವನು, ಆಕಾಶ ನೋಡಿ ಕೆಳಗೆ ಇಳಿದು ಬಂದ.

"ಸರ, ಲಗೂನ ಏನರ ಮಾಡ್ರಿ. ಮಳಿ ಬಂದ್ರ ನಮ್ಮ ಡಾಂಬರ ಕೆಡ್ತೈತಿ. ನಾ ಇನ್ನ ಹತ್ತ ನಿಮಿಷ ಕಾಯಾಂವ. ಆಮ್ಯಾಲ ತೆಗ್ಗ ಮುಚ್ಚಿ ರೋಲರ್ ಹತ್ತಿಸ್ತೇನ್ರಿ."

"ಮಾಡುವವರು ಗುಡ್ಡದ ಮೇಲಿದಾರೆ."

"ನಿಮಗ ಬರೂದಿಲ್ಲೇನ್ರಿ?"

ಮನುಷ್ಯನನ್ನು ಹಾಳು ಮಾಡಲು ದೊಡ್ಡ ಆಮಿಷಗಳೇ ಬೇಕೆಂದು ಶಾಸ್ತ್ರಗಳು ಹೇಳುತ್ತವೆ. ನನಗೆ ಈ ಎರಡು ಮಾತು ಸಾಕಾಯಿತು. ಮೂವತ್ತೆರಡು ವರ್ಷ ಉಷ್ಣದ ಪಾಠ ಮಾಡಿದವನಿಗೆ ಎರಡಿಂಚಿನ ಪೈಪು ಕೂಡಿಸಲು ಬರುವುದಿಲ್ಲವೇ? ಪಂಚೆ ಎತ್ತಿ ಕಟ್ಟಿ ತೋಡಿಗೆ ಇಳಿದೆ.

ಹತ್ತು ನಿಮಿಷದಲ್ಲಿ ಮುಗಿಸಬೇಕು. ಹಾಗಾಗಿ ಕಾವಲಿಯನ್ನು ಹೆಚ್ಚು ಕಾಯಿಸಿದೆ. ಪತ್ರಿಕೆಯ ಅಂಚು ತಾಗಿಸಿದರೆ ಕಂದಾಗಲಿಲ್ಲ, ಕರಿಯಾಗಿ ಹೊತ್ತಿಕೊಂಡಿತು. ಪಿಸ್ತೂಲು ಅಂಗಿಯ ಕಿಸೆಯಲ್ಲೇ ಇತ್ತು; ಅದು ಹೇಳುವುದು ಬೇಡವಾಗಿತ್ತು, ತೆಗೆಯಲಿಲ್ಲ. ಬಿಸಿ ಹೆಚ್ಚಿದ್ದರೆ ಹಿಡಿಯುವ ಹೊತ್ತು ಕಡಿಮೆ ಸಾಕು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ತಪ್ಪು ಪಾಠ. ಈ ಪ್ಲಾಸ್ಟಿಕ್ಕು ಕಬ್ಬಿಣದಂತಲ್ಲ; ಕಬ್ಬಿಣದಲ್ಲಿ ಬಿಸಿ ಹರಿಯುವ ವೇಗದ ನೂರರಲ್ಲೊಂದು ಪಾಲು ಇದರಲ್ಲಿ ಹರಿದರೆ ಹೆಚ್ಚು. ಎಷ್ಟೇ ಉರಿ ಕೊಟ್ಟರೂ ಒಳಕ್ಕೆ ಅದು ತನ್ನ ನಡಿಗೆಯಲ್ಲೇ ಹೋಗುತ್ತದೆ. ಹೊರಗಿನ ಚರ್ಮ ಮಾತ್ರ ಕರಗಿ ಹೊಗೆಯಾಡುತ್ತದೆ, ಒಳಗೆ ಹಸಿ. ಇದನ್ನು ನಾನು ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದೆ. ಪರೀಕ್ಷೆಯಲ್ಲಿ ಕೇಳಿಯೂ ಇದ್ದೆ.

ಆ ಕಡೆಯ ಪೈಪನ್ನು ರೋಲರಿನವನು ಹಿಡಿದ. ಕಾವಲಿ ತೆಗೆದು ಇಬ್ಬರೂ ಬಲವಾಗಿ ಒತ್ತಿದೆವು. ಆರಿಸಿದ ಮೇಣದಬತ್ತಿಯಂಥ ವಾಸನೆ ಎದ್ದಿತು. ದಪ್ಪಗೆ, ದುಂಡಗೆ, ಹೊಳೆಯುವ ಬಳೆ ಎದ್ದಿತು. ಹೂವಪ್ಪನವರ ಯಾವ ಬಳೆಯೂ ಅಷ್ಟು ತುಂಬಿಕೊಂಡಿರಲಿಲ್ಲ. ಕರಗಿದ್ದ ಅಷ್ಟಿಷ್ಟೂ ಒತ್ತಡಕ್ಕೆ ಹೊರಗೆ ಬಂದು ಬಳೆಯಾಗಿದೆ, ಒಳಗೆ ಕೂಡಲು ಏನೂ ಉಳಿದಿಲ್ಲ ಎಂದು ಅರ್ಥ. ಆದರೆ ಆ ಕ್ಷಣಕ್ಕೆ ನನಗೆ ಕಂಡದ್ದು ಬಳೆಯ ಚಂದ ಮಾತ್ರ.

"ಚಲೋ ಆತ್ರಿ ಸರ!" ಎಂದ ರೋಲರಿನವನು.

ಗೂಟ ಹೊಡೆಯಲಿಲ್ಲ. ಒಂದು ಹನಿ ಮಳೆ ಮುಂಗೈ ಮೇಲೆ ಬಿತ್ತು. ಪಕ್ಕದಲ್ಲಿ ಕುಡಿಯಲು ಇಟ್ಟಿದ್ದ ಕೊಡಪಾನ ಎತ್ತಿ ಬೆಸುಗೆಯ ಮೇಲೆ ನೀರು ಸುರಿದೆ. ಚುಯ್ ಎಂದು ಆವಿ ಎದ್ದಿತು. ಕಮ್ಮಾರ ನೀರಿಗೆ ಅದ್ದಿದ ಕುಡುಗೋಲು ಗಟ್ಟಿಯಾಗುತ್ತದೆ. ಇದೂ ಹಾಗೇ ಎಂದುಕೊಳ್ಳುವಷ್ಟು ಮೂಢ ನಾನಲ್ಲ. ಇದು ಹಾಗಲ್ಲ ಎಂದು ಗೊತ್ತಿದ್ದೂ ಸುರಿದೆ. ಎರಡು ನಿಮಿಷದಲ್ಲಿ ಮುಟ್ಟಿದರೆ ತಣ್ಣಗಿತ್ತು. ಹೊರಗೆ.

ಮಣ್ಣು ಎಳೆದು ಅರ್ಧ ತೋಡು ಮುಚ್ಚಿದ್ದಾಗ ಹೂವಪ್ಪನವರು ಮೋಡ ಕಂಡು ಗುಡ್ಡದಿಂದ ಒಬ್ಬರೇ ಓಡಿಕೊಂಡು ಬಂದರು. ಉಸಿರು ಕಟ್ಟಿತ್ತು. ತೋಡು ನೋಡಿದರು, ಕಾವಲಿ ನೋಡಿದರು, ನನ್ನನ್ನು ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. ಒಂದೇ ಒಂದು ಮಾತು ಕೇಳಿದರು.

"ಕವಳ ಆಯ್ತಾ ಮೇಷ್ಟ್ರೆ?"

ನಾನು ಕವಳ ಹಾಕುವವನಲ್ಲ ಎಂದು ಅವರಿಗೆ ಗೊತ್ತಿತ್ತು. ಅವರು ಕೇಳಿದ್ದು ಏನೆಂದು ನನಗೂ ಗೊತ್ತಿತ್ತು.

"ಆಯ್ತು" ಅಂದೆ.

"ಹಂಗಾದ್ರೆ ಸರಿ" ಎಂದು ಅವರೇ ಗುದ್ದಲಿ ಹಿಡಿದು ಉಳಿದ ಮಣ್ಣು ಎಳೆದರು.

ಮೃಗಶಿರ ಮಳೆಯ ಮೊದಲ ವಾರ ಊರಿಗೆ ನೀರು ಬಂತು. ಶಾಲೆಯ ಜಗಲಿಯಲ್ಲಿ ಸಭೆ. ನಲ್ಲಿಗೆ ಕಾಯಿ ಒಡೆದರು. ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಮಾತಾಡಬೇಕೆಂದರು. ಎರಡು ಮಾತು ಮುಕ್ಕಾಲು ಗಂಟೆ ಹಿಡಿಯಿತು. ಹೂವಪ್ಪನವರಿಗೆ ಶಾಲು ತಂದಿರಲಿಲ್ಲ. ಊರಿನವರೇ ಅಲ್ಲವಾ, ಅವರಿಗೆಂತ ಉಪಚಾರ ಎಂದು. ಅವರು ಹಿಂದಿನ ಬೆಂಚಿನಲ್ಲಿ ಕೂತು ಪೂರ್ತಿ ಕೇಳಿದರು. ನನ್ನ ಇಡೀ ವೃತ್ತಿಜೀವನದಲ್ಲಿ ನಿದ್ದೆ ಮಾಡದೆ ಕೇಳಿದ ಮೊದಲ ವಿದ್ಯಾರ್ಥಿ ಅವರೇ ಇರಬೇಕು.

ಆರಿದ್ರಾ ಮಳೆಯ ನಡುವೆ ಒಂದು ಬೆಳಿಗ್ಗೆ ಹೊಸ ಡಾಂಬರು ಕಡುಬಿನಂತೆ ಉಬ್ಬಿತು. ಮಧ್ಯಾಹ್ನಕ್ಕೆ ಒಡೆದು ನೀರು ಚಿಮ್ಮಿತು. ಸಾವಿತ್ರಿ ಫೋನ್ ಮಾಡಿದಾಗ ನಾನು ಸಾಗರದಲ್ಲಿ ಶಾಲನ್ನು ಗೋಡೆಯ ಬೀರುವಿನಲ್ಲಿ ಎಲ್ಲಿಟ್ಟರೆ ಬಂದವರಿಗೆ ಕಾಣುತ್ತದೆ ಎಂದು ನೋಡುತ್ತಿದ್ದೆ.

ಹೋದೆ. ರಸ್ತೆಯ ಮೇಲ್ವಿಚಾರಕ ಛತ್ರಿ ಹಿಡಿದು ಕೂಗಾಡುತ್ತಿದ್ದ. ಊರಿನವರು ನೆನೆಯುತ್ತ ನಿಂತಿದ್ದರು. ಸುತ್ತ ಧೋ ಎಂದು ಮಳೆ; ಹತ್ತೊಂಬತ್ತು ಮನೆಯ ಹೆಂಗಸರು ಕುಡಿಯುವ ನೀರಿಗೆ ಕೊಡ ಹೊತ್ತು ಕೆಂಪಗೆ ಹರಿಯುವ ಹಳ್ಳಕ್ಕೆ ಇಳಿಯುತ್ತಿದ್ದರು. ಡಾಂಬರು ಕತ್ತರಿಸುವ ಅನುಮತಿ ಸಿಗುವ ತನಕ, ಅಂದರೆ ಹನ್ನೊಂದು ದಿನ, ಅವರು ಹಾಗೆ ಇಳಿದರು. ಅವರಲ್ಲಿ ಗೌರಮ್ಮನೂ ಇದ್ದರು, ನನ್ನ ತಂಗಿಯೂ ಇದ್ದಳು. ನಾನು ಜಗಲಿಯಲ್ಲಿ ಕೂತು ಕಾಫಿ ಕುಡಿದೆ. ಕಾಫಿಯ ನೀರು ಎಲ್ಲಿಂದ ಬಂತೆಂದು ಕೇಳಲಿಲ್ಲ.

ಅನುಮತಿ ಬಂದ ಮೇಲೆ ಅಗೆದು ತೆಗೆದದ್ದು ಹೂವಪ್ಪನವರೇ. ಬೆಸುಗೆಯ ಎರಡು ಕಡೆ ಗರಗಸ ಹಾಕಿ ಗೇಣುದ್ದದ ತುಂಡು ಕತ್ತರಿಸಿಕೊಂಡು, ಎಲ್ಲರೂ ಹೊಸ ಪೈಪಿನ ಗಡಿಬಿಡಿಯಲ್ಲಿದ್ದಾಗ ಅದನ್ನು ನನ್ನ ಹತ್ತಿರ ತಂದರು. ಬಿರುಕು ಬಿಟ್ಟಲ್ಲಿ ಬೆರಳು ಹಾಕಿ ತೆರೆದು ತೋರಿಸಿದರು. ಕೂಡಿರಬೇಕಾದ ಎರಡು ಮುಖಗಳೂ ಗಾಜಿನಂತೆ ನುಣುಪಾಗಿದ್ದವು. ಒಂದಕ್ಕೊಂದು ಒಂದು ದಿನವೂ ಅಂಟಿರಲಿಲ್ಲ; ಬಳೆಯ ಬಲದಲ್ಲೇ ಅಷ್ಟು ದಿನ ನಿಂತಿತ್ತು.

"ನೀರು ಹೊಯ್ದ್ರಾ ಮೇಷ್ಟ್ರೆ?"

"ಹೂಂ" ಅಂದೆ.

ಅವರು ಆ ತುಂಡನ್ನು ಸಂಚಿಯ ಚೀಲಕ್ಕೆ ಹಾಕಿಕೊಂಡು ಹೋಗಿ ಹೊಸ ಬೆಸುಗೆ ಹಾಕಿದರು. ಮಳೆಗೆ ಎಲೆಯಿಂದ ಹೆಣೆದ ಗೊರಬು ಅಡ್ಡ ಹಿಡಿಸಿ, ಗೂಟ ಹೊಡೆದು, ಕೂತು ಕವಳ ಹಾಕಿದರು. ಮೇಲ್ವಿಚಾರಕ ಕೂಗುತ್ತಲೇ ಇದ್ದ. ಅವರು ಜಗಿಯುತ್ತಲೇ ಇದ್ದರು.

ಇಷ್ಟಕ್ಕೇ ನಿಂತಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ. ಗಣೇಶನ ಹಬ್ಬಕ್ಕೆ ಮುಂಚೆ ಮಂಡಗದ್ದೆ ಕಡೆಯವರು ಮಾತಿನಂತೆ ಮತ್ತೆ ಬಂದರು. ಅದೇ ಶಾಲೆಯ ಜಗಲಿ. ನನ್ನನ್ನೂ ಸಾಗರದಿಂದ ಕರೆಸಿದ್ದರು. ರಸ್ತೆಯ ತೇಪೆಯನ್ನು ಅವರು ಬರುವಾಗಲೇ ನೋಡಿದ್ದರು.

"ಆ ಜಾಯಿಂಟ್ ಯಾರ್ದು?" ಎಂದು ಅವರಲ್ಲಿ ಹಿರಿಯವರು ಕೇಳಿದರು.

ಎಲ್ಲರೂ ಹೂವಪ್ಪನವರ ಕಡೆ ನೋಡಿದರು. ಊರಲ್ಲಿ ಪೈಪು ಕೂಡಿಸುವವರು ಅವರೊಬ್ಬರೇ. ಆ ಮಧ್ಯಾಹ್ನ ತೋಡಿನಲ್ಲಿ ಯಾರಿದ್ದರೆಂದು ಕಂಡವನು ರೋಲರಿನವನು, ಅವನು ಊರು ಬಿಟ್ಟು ಎಷ್ಟೋ ದಿನವಾಗಿತ್ತು. ಹೂವಪ್ಪನವರು ನನ್ನ ಕಡೆ ನೋಡಿದರು. ದೂರುವ ನೋಟವಲ್ಲ. ಪಾಠ ಒಪ್ಪಿಸುವ ಹುಡುಗನಿಗೆ ಮೇಷ್ಟರು ಕೊಡುತ್ತಾರಲ್ಲ, ಹೇಳು, ಗೊತ್ತಿದೆಯಲ್ಲ ನಿನಗೆ ಎನ್ನುವಂಥದು.

ನಾನು ಎದ್ದು ನಿಂತೆ. ಕನ್ನಡಕ ಸರಿಮಾಡಿಕೊಂಡೆ. "ಇದರಲ್ಲಿ ಯಾರನ್ನೂ ದೂಷಿಸುವಂತಿಲ್ಲ. ಇಂಥ ವಸ್ತುಗಳಲ್ಲಿ ಕೆಲವೊಮ್ಮೆ ತಯಾರಿಕೆಯ ಹಂತದಲ್ಲೇ ಸೂಕ್ಷ್ಮ ದೋಷಗಳು ಉಳಿದಿರುತ್ತವೆ" ಎಂದು ಶುರುಮಾಡಿ, ಹರಳುಗಟ್ಟುವಿಕೆ, ಕುಗ್ಗುವಿಕೆ, ಆಂತರಿಕ ಒತ್ತಡ ಎಂದು ಹತ್ತು ನಿಮಿಷ ಮಾತಾಡಿದೆ. ಹೇಳಿದ ಪ್ರತಿ ಪದವೂ ನಿಜ. ಒಟ್ಟು ಸೇರಿದರೆ ಸುಳ್ಳು. ಒಂದು ಕವಳದ ಹೊತ್ತು ಸುಳ್ಳು ಹೇಳಿ ಕೂತೆ.

ಹಿರಿಯವರು ಹೂವಪ್ಪನವರನ್ನು ಕೇಳಿದರು. "ನೀವು ಎಂತ ಹೇಳ್ತೀರಿ?"

"ಮೇಷ್ಟ್ರು ಹೇಳಿದ್ರಲ್ಲ" ಎಂದರು ಹೂವಪ್ಪನವರು. "ಮಣ್ಣೂ ಕುಸ್ದಿರ್ಬಹುದು."

ಸಭೆ ಮುಗಿದ ಮೇಲೆ ಮಂಡಗದ್ದೆ ಕಡೆಯವರು ಹೊರಡುವಾಗ ಜಗಲಿಯ ಕಂಬದ ಆಚೆ ಆಡಿಕೊಂಡ ಮಾತು ನನಗೆ ಕೇಳಿಸಿತು. "ಮೇಷ್ಟ್ರು ದೊಡ್ಡ ಮನುಷ್ಯ ಮಾರಾಯ. ಪಾಪ ಆ ಮುದುಕನ್ನ ಎಷ್ಟು ಚಂದ ಕಾಪಾಡಿದ್ರು ನೋಡು. ಆದ್ರೆ ಕೆಲ್ಸ ಹೂವಪ್ಪನೋರಿಗೆ ಕೊಡಾಕಾಗಲ್ಲ. ಶಿವಮೊಗ್ಗದಿಂದ ಮಿಷನ್ ತರ್ಸನ."

ಅವತ್ತಿನಿಂದ ಹಲಸಿನಮಕ್ಕಿಯಲ್ಲಿ ನನ್ನ ಗೌರವ ಇಮ್ಮಡಿಯಾಯಿತು. ಪೈಪು ಒಡೆದದ್ದಕ್ಕೆ ಹೂವಪ್ಪನವರನ್ನು ಬಿಟ್ಟುಕೊಡದ ಮಹಾನುಭಾವ ಎಂದು. ಮೂರು ತಾಲೂಕಿನಲ್ಲಿ ಸುದ್ದಿ ಹರಡಲು ಹೆಚ್ಚು ದಿನ ಬೇಡ. ಮುಂದಿನ ಬೇಸಿಗೆಯಲ್ಲಿ ಹೂವಪ್ಪನವರನ್ನು ಕರೆಯಲು ಒಬ್ಬರು ಬಂದರಂತೆ. ಅದರ ಮುಂದಿನ ಬೇಸಿಗೆ ಯಾರೂ ಬರಲಿಲ್ಲ.

ಆರು ವರ್ಷ ನಾನು ಇದನ್ನು ಬೆಸುಗೆಯಂತೆಯೇ ಮುಚ್ಚಿಟ್ಟೆ, ಮೇಲೆ ಡಾಂಬರು ಹಾಕಿ. ಹಪ್ಪಳದಂಗಡಿಯ ವಾಸನೆ ಅಟ್ಟಿಸಿಕೊಂಡು ಬಂದ ದಿನ ಸಿಕ್ಕಿದ ಬಸ್ಸು ಹತ್ತಿ ಹಲಸಿನಮಕ್ಕಿಗೆ ಹೋದೆ. ಮೊದಲು ಭಾವನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಕರಿಯಾದ ಪತ್ರಿಕೆಯ ಅಂಚು, ಸುರಿದ ಕೊಡಪಾನ, ಆಯ್ತು ಎಂದ ಸುಳ್ಳು, ಒಂದನ್ನೂ ಬಿಡಲಿಲ್ಲ.

ಶ್ರೀಧರ ಪೂರ್ತಿ ಕೇಳಿ, ನಕ್ಕು, ನನ್ನ ಭುಜ ತಟ್ಟಿದ. "ಭಾವಯ್ಯ, ಎಂಗಳಿಗೆಲ್ಲ ಗೊತ್ತಿದ್ದು. ಇಷ್ಟು ವರ್ಷಾದ್ರೂ ನೀ ಆ ಹೂವಪ್ಪನ್ನ ಬಿಟ್ಟುಕೊಡ್ತಿಲ್ಲೆ. ತಪ್ಪು ಮೈಮೇಲೆ ಹಾಕ್ಕಂಬಲೂ ನೀ ತಯಾರಿದ್ದೆ. ಸಾಕು ಮಾರಾಯ, ಅವ ಏನೂ ಬೇಜಾರು ಮಾಡ್ಕಂಡಿದ್ನಿಲ್ಲೆ."

"ಶ್ರೀಧರ, ನಾನು ನಿಜ ಹೇಳ್ತಿದೇನೆ."

"ಎಂತ ನಿಜ? ಮೂವತ್ತೆರಡು ವರ್ಷ ಅದನ್ನೇ ಕಲ್ಸಿದವ ನೀನು. ನಿಂಗೆ ತಪ್ತಾ?" ಎಂದು ಒಳಗೆ ತಿರುಗಿ, "ಸಾವಿತ್ರಿ, ನಿನ್ನಣ್ಣಂಗೆ ಇನ್ನೊಂದು ಲೋಟ ಕಾಫಿ ತಗಂಬಾರೆ" ಎಂದ.

ಹೂವಪ್ಪನವರ ಮನೆಗೆ ಒಬ್ಬನೇ ಹೋದೆ. ಹಲ್ಲು ಹೋಗಿ ಈಗ ಕವಳವನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ಹಾಕುತ್ತಾರೆ. ಊರಿನವರನ್ನೆಲ್ಲ ಶಾಲೆಯ ಜಗಲಿಗೆ ಕರೆಸಿ ಹೇಳಿಬಿಡುತ್ತೇನೆ, ನೀವು ಆ ತುಂಡು ತಂದು ತೋರಿಸಿ ಅಂದೆ.

"ಆ ತುಂಡಾ? ಅದನ್ನ ದನದ ಕೊಟ್ಟಿಗೆ ಬಾಗಿಲಿಗೆ ಬೆಣೆ ಕೊಟ್ಟಿದ್ದೆ, ಮುರಿದೂ ಹೋಯ್ತು." ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಬೇಡ ಮೇಷ್ಟ್ರೆ. ಈಗ ಹೇಳಿದ್ರೆ ಜನ ನನ್ನೇ ಬೈತಾರೆ. ಅವತ್ತೇ ಬಾಯಿ ಬಿಡ್ಬೇಕಿತ್ತಲ್ವಾ, ನಿಂಗೆಂತ ಆಗಿತ್ತು ಅಂತ."

"ನೀವು ಅವತ್ತು ಯಾಕೆ ಹೇಳಲಿಲ್ಲ?"

ಅವರು ಕುಟ್ಟಾಣಿ ಬದಿಗಿಟ್ಟರು. "ನೀವು ಹೇಳ್ತೀರಿ ಅಂತ ಕೂತಿದ್ದೆ" ಎಂದರು.

ಗೌರಮ್ಮ ಒಳಗಿನಿಂದ ತಟ್ಟೆ ತಂದು ನನ್ನ ಮುಂದಿಟ್ಟರು. ಬಿಸಿ ದೋಸೆ, ಬೆಲ್ಲ, ಬೆಣ್ಣೆ. ಹಂಗೇ ಎದ್ದು ಹೋಗಂಗಿಲ್ಲ, ತಿಂದೇ ಹೋಗಬೇಕು ಎಂದರು. ಒಲೆಯ ಮೇಲೆ ಎರಡೂ ಮುಖ ಸಮ ಮಾಡಿಸಿದ ಆ ಕಾವಲಿ ಇತ್ತು. ಬೂದಿ, ಹುಣಿಸೆಹಣ್ಣು ಹಾಕಿ ಮೂರು ದಿನ ತಿಕ್ಕಿದರಂತೆ.

ಹೂವಪ್ಪನವರು ಪೈಪು ಕೂಡಿಸುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಕಾವಲಿಯಲ್ಲಿ ಗೌರಮ್ಮ ದೋಸೆ ಹೊಯ್ಯುತ್ತಾರೆ. ದೋಸೆ ಸಲೀಸಾಗಿ ಏಳುತ್ತದೆ.